ಮೂರನೆಯ ಭಾನುವಾರದ ಪ್ರಕಟಣೆ

ಮಳೆ ನಿಂತಿತ್ತು, ಆದರೆ ಸೂರುಗಳಿಗೆ ಅದರ ಅರಿವೇ ಇರಲಿಲ್ಲ! ನಿನ್ನೆಯ ನೋವನ್ನು ಇಂದೂ ನೆನೆವ ಮನಸ್ಸಿನಂತೆ ಅವು ತೊಟ್ಟಿಕ್ಕುತ್ತಲೇ ಇದ್ದವು. ಚರ್ಚಿನ ಹಿಂದಿನ ಆ ಇಕ್ಕಟ್ಟಾದ ಓಣಿಯಲ್ಲಿ ಶರದೃತುವಿನ ಎಳೆಬಿಸಿಲು ಮೊದಲು ಗೋಪುರದ ಶಿಲುಬೆಯನ್ನು ಸೋಕಿ, ಬಳಿಕ ಒಣಹಾಕಿದ ಬಟ್ಟೆಗಳ ಮೇಲೆ ಜಾರಿ, ಕಟ್ಟಕಡೆಗೆ ದಾರಿ ತಪ್ಪಿದ ಅತಿಥಿಯ ಸಂಕೋಚದಿಂದ ಕೊನೆಯ ಮನೆಯ ಹೊಸ್ತಿಲ ಮೇಲೆ ಬಂದು ನಿಲ್ಲುತ್ತಿತ್ತು. ಒಳಗೆ ಅಂಟಿನ, ಹಳೆಯ ಕಾಗದದ, ಮೇಣ ಸವರಿದ ದಾರದ ಮಿಶ್ರಗಂಧ. ಮರದ ಒತ್ತುಹಲಗೆಗಳ ನಡುವೆ, ಪುಸ್ತಕ ಕಟ್ಟುವ ಒಬ್ಬ ಒಂಟಿ ಮನುಷ್ಯ. ಕಣ್ಣು ಮಂಜಾದಂತೆಲ್ಲ ಅವನ ಗಿರಾಕಿಗಳೂ ಮರೆಯಾಗಿದ್ದರು...

ಇಂಥವರಿಗೆಂದೇ ಆ ಚರ್ಚಿನ ಧರ್ಮಕೇಂದ್ರದ ಸೇವಾಸಂಘವಿತ್ತು. ಪ್ರತಿ ಗುರುವಾರ ಇಬ್ಬಿಬ್ಬರಾಗಿ ಮೂವತ್ತು ಮನೆಗಳಿಗೆ ದಿನಸಿ ಒಯ್ಯುವುದು, ಹೊಸ್ತಿಲಲ್ಲೇ ನಿಂತು "ಇನ್ನೇನಾದ್ರೂ ಬೇಕಿತ್ತಾ?" ಎಂದು ಕೇಳುವುದು, ಕೂರಬಾರದು, ಒಂದು ಲೋಟ ನೀರನ್ನೂ ಮುಟ್ಟಬಾರದು. ಇಲ್ಲದವರಿಗೆ ಹೊರೆಯಾಗಬಾರದೆಂಬ ಸದುದ್ದೇಶದ ನಿಯಮವೇ ಅದು, ಸಹೃದಯ ಓದುಗರೇ! ಆದರೆ ನಿನ್ನಿಂದ ನಮಗೇನೂ ಬೇಡವೆಂದು ವಾರವಾರವೂ ಒಬ್ಬನಿಗೆ ನೆನಪಿಸುವುದು ಎಂಥ ಸೌಜನ್ಯ?

ಸಂಘದ ಪರವಾಗಿ ಆ ಓಣಿಗೆ ಬರುತ್ತಿದ್ದವಳು ಇಸ್ತ್ರಿ ಅಂಗಡಿಯ ವಿಧವೆ. ಬಲಿಪೀಠದ ಶ್ವೇತವಸ್ತ್ರಗಳ ಮಡಿಕೆಗಳೆಲ್ಲ ಅವಳ ಕೈಯವೇ. ಒಂದು ಗುರುವಾರ ಅವಳು ವಾಡಿಕೆಯ ಪ್ರಶ್ನೆ ಕೇಳಿದಾಗ ಆತ ಧ್ವನಿ ಬಂದತ್ತ ಮುಖವೆತ್ತಿದ.

"ಐದು ವರ್ಷದಿಂದ ಕೇಳ್ತಾನೇ ಇದ್ದೀರಿ. ನಿಮಗೇನು ಬೇಕು?"

ಗಂಡ ಸತ್ತ ಮೇಲೆ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ! ಬಹುಕಾಲ ಮುಚ್ಚಿದ್ದ ಕಿಟಕಿಯೊಂದು ಗಾಳಿಗೆ ತಾನಾಗಿ ತೆರೆದಂತೆ ಅವಳ ಬಾಯಿಂದ ಸತ್ಯ ಜಾರಿತು.

"ಸ್ವಲ್ಪ ಕೂತ್ಕೋಬೇಕು... ಬೆಳಗಿನಿಂದ ನಿಂತೇ ಇದ್ದೀನಿ."

ಆತ ತಡಕಾಡಿ ಸ್ಟೂಲು ಸರಿಸಿದ, ನೀರು ಕೊಟ್ಟ. ಅವಳು ಕುಡಿದು, ಅವನ ಸೂಜಿಗೆ ದಾರ ಪೋಣಿಸಿಕೊಟ್ಟಳು.

"ಅಯ್ಯೋ, ಏಳೇ ಮಾರಾಯ್ತಿ! ಯಾರಾದ್ರೂ ನೋಡಿದ್ರೆ?" ಹೊರಗಿನಿಂದ ಜೊತೆಗಾತಿ ಪಿಸುಗುಟ್ಟಿದಳು.

"ನಾನಂತೂ ನೋಡ್ಲಿಲ್ಲಮ್ಮ," ಎಂದ ಆತ, ಮಂಜುಗಣ್ಣು ಮಿಟುಕಿಸುತ್ತ.

ಅವಳು ನಕ್ಕಳು... ನಕ್ಕು ಎಷ್ಟು ವರ್ಷವಾಗಿತ್ತೋ! ಆ ಬಳಿಕ ಬಂದ ಚಳಿಗಾಲ ಅವರಿಬ್ಬರಿಗೆ ಚಳಿಗಾಲವೆನಿಸಲೇ ಇಲ್ಲ.

ಮದುವೆ ನಿಶ್ಚಯವಾಯಿತು. ರೂಢಿಯಂತೆ ಮೂರು ಭಾನುವಾರ ಪೂಜೆಯ ನಡುವೆ ಇಬ್ಬರ ಹೆಸರು ಓದಿ, ಅಡ್ಡಿಯಿದೆಯೇ ಎಂದು ಕೇಳುವ ಪ್ರಕಟಣೆಯಾಗಬೇಕು. ಎರಡು ಮುಗಿದಿದ್ದವು. ಆಗ ಎಲ್ಲರೂ ದೊಡ್ಡಮ್ಮನೆಂದು ಕರೆಯುವ ಸಂಘದ ಅಧ್ಯಕ್ಷೆ ಅವನ ಬಾಗಿಲಿಗೆ ಬಂದರು.

"ನೆರವು ತಗೊಳ್ಳೋರು ನಮ್ಮ ಸಂಘದವಳನ್ನೇ ಮದುವೆಯಾದ್ರೆ ಊರು ಆಡಿಕೊಳ್ಳಲ್ವಾ? ಕೊಡೋರು ಕೈ ಹಿಂದೆಗೀತಾರೆ. ಉಳಿದ ಮನೆಗಳ ಒಲೆ ಆರಿದ್ರೆ ನೀವೇ ಹೊಣೆ."

ಶನಿವಾರ ಸಂಜೆ ಆತ ಅವಳೆದುರು ತಲೆ ತಗ್ಗಿಸಿದ. "ಬೇಡ ಬಿಡಿ. ನನ್ನಿಂದ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆತ ಬೀಳಬಾರದು."

ಅವಳ ಕಣ್ಣಲ್ಲಿ ನೀರಾಡಲಿಲ್ಲ, ಕೆಂಡ ಹೊತ್ತಿತು! "ನಾಳೆ ನಮ್ಮ ಹೆಸರು ಓದ್ತಾರೆ. ಬೇಡ ಅನ್ನೋದಿದ್ರೆ ಅಲ್ಲೇ, ಎಲ್ಲರ ಮುಂದೆ ಹೇಳಿ. ನಾನು ಮೊದಲ ಬೆಂಚಲ್ಲೇ ಇರ್ತೀನಿ."

ಮರುದಿನ ಚರ್ಚಿನಲ್ಲಿ ಫಾದರ್ ಹೆಸರುಗಳನ್ನು ಓದಿ, ಅಡ್ಡಿಯಿದ್ದವರು ತಿಳಿಸಬೇಕೆಂದರು. ದೊಡ್ಡಮ್ಮ ಎದ್ದು ನಿಂತರು.

"ಫಾದರ್, ಆತ ನೆರವಿನ ಪಟ್ಟೀಲಿರೋರು."

"ಬಡತನ ಅಡ್ಡಿಯಲ್ಲಮ್ಮ. ಕೂತ್ಕೊಳ್ಳಿ."

"ಅಕ್ಕಿ ಕೊಟ್ಟ ಕೈಯನ್ನೇ ಹಿಡ್ಕೊಂಡ್ಬಿಟ್ನಲ್ಲ!" ಎಂದು ಎಡಬದಿಯಿಂದ ಯಾರೋ ಕಿಸಕ್ಕೆಂದರು.

ಅವಳು ಎದ್ದಳು. ಗಾಜಿನ ಕಿಟಕಿಯ ಕೆಂಬೆಳಕು ಅವಳ ನರೆಗೂದಲಿಗೆ ಹೊತ್ತಿದಂತಿತ್ತು.

"ನಾನೇ ಚಾಚಿದೆ, ಅವರು ಹಿಡಿದ್ರು. ದೊಡ್ಡಮ್ಮ, ಆ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸ್ಕೊಳ್ಳಿ. ಮೂವತ್ತು ಮನೆಗೂ ನಾನೊಬ್ಬಳೇ ಹೊತ್ಕೊಂಡು ಹೋಗ್ತೀನಿ, ಬಾಗಿಲು ಬಾಗಿಲಿಗೂ ಬೇಡಿ ತರ್ತೀನಿ. ನಾಚಿಕೆ ಆಗೋರು ಮನೇಲಿರಿ!"

ಅವಳು ಹಿಂತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಮಾತ್ರ ಅವಳಲ್ಲಿ ಉಳಿದಿರಲಿಲ್ಲ. ಆಗ ಕಟ್ಟಕಡೆಯ ಬೆಂಚಿನಿಂದ ಕೋಲೊಂದು ನೆಲ ತಟ್ಟಿತು. ಬೆಂಚಿನಿಂದ ಬೆಂಚಿಗೆ ಕೈಯಾಡಿಸುತ್ತ, ನೂರು ಕಣ್ಣುಗಳ ನಡುವೆ ಯಾವ ಕಣ್ಣನ್ನೂ ಕಾಣದೆ, ಆತ ನಡೆದು ಬಂದು ಅವಳ ಪಕ್ಕದಲ್ಲಿ ನಿಂತ.

"ಫಾದರ್, ಇನ್ನೊಂದ್ಸಲ ಓದಿ. ಗಟ್ಟಿಯಾಗಿ ಓದಿ. ನಮ್ಮ ಹೆಸರು ಒಟ್ಟಿಗಿರೋದನ್ನ ನಾನು ಓದೋಕಂತೂ ಆಗಲ್ಲ, ಕೇಳಿಯಾದ್ರೂ ಕೇಳ್ತೀನಿ."

ಫಾದರ್ ಕನ್ನಡಕ ಸರಿಪಡಿಸಿಕೊಂಡು, ಗೋಪುರಕ್ಕೂ ಕೇಳುವಂತೆ ಓದಿದರು.

ಕರುಣೆಯು ಮೇಲಿನಿಂದ ಕೆಳಗೆ ನೋಡುತ್ತದೆ, ಅದು ಅದರ ಪುಣ್ಯವೂ ಹೌದು, ಪಾಪವೂ ಹೌದು. ಹಸಿದವನ ತಟ್ಟೆ ತುಂಬಬಲ್ಲೆವು ನಾವು. ಆದರೆ ಅವನಲ್ಲೂ ಯಾರಿಗಾದರೂ ಬೇಕಾದದ್ದೊಂದು ಇದೆಯೆಂದು ನಂಬಲು ಅದೆಷ್ಟು ಅಂಜುತ್ತೇವೆ! ಆ ಅಂಜಿಕೆಯನ್ನು ದಾಟಿ ಬಂದ ಎರಡು ಜೀವಗಳು ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿ ನಿಂತಾಗ, ಯಾರು ಯಾರಿಗೆ ಆಸರೆಯೆಂದು ಹೇಳಬಲ್ಲ ಪಟ್ಟಿ ಈ ಲೋಕದಲ್ಲಿ ಇನ್ನೂ ಬರೆದಾಗಿಲ್ಲ...