ಮೊಂಡು ಮೂಲೆಯ ಕಾರ್ಡು

ಇಪ್ಪತ್ತೆರಡು ನಿಮಿಷಕ್ಕೆ ಆಟ ಮುಗಿದುಹೋಯಿತು. ಸೋತ ಅಕ್ಕ ಆಕಳಿಸಿದಳು. ಗೆದ್ದ ಭಾವನೂ ಆಕಳಿಸಿದರು. ಅಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಡಬ್ಬಿ ಮಾತ್ರ ತುಂಬಾ ಚೆನ್ನಾಗಿ ಬಂದಿದೆ ಎಂದಳು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದ ಕಿರಿಯವಳಿಗೆ ಮೈ ಪರಚಿಕೊಳ್ಳುವಂತಾಯಿತು. ಆಟ ಕಟ್ಟಿದವಳು ಅವಳು. ಮೂರು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು.

ಆಟದ ಹೆಸರು ‘ಕಡೇ ಬಸ್ಸು’. ಆಡುವವರೆಲ್ಲ ಪ್ರಯಾಣಿಕರು, ಯಾರು ಮೊದಲು ಏಳು ನಿಲ್ದಾಣ ಕೂಡಿಸುತ್ತಾರೋ ಅವರು ಮನೆ ಸೇರಿದ ಹಾಗೆ. ನಡುವೆ ಅರವತ್ತು ಕಾರ್ಡುಗಳ ಗುಡ್ಡೆ, ಎಲ್ಲ ಮಗುಚಿಟ್ಟಿದ್ದು. ನಿಮ್ಮ ಸರದಿ ಬಂದಾಗ ಮೇಲಿನ ಕಾರ್ಡು ಎತ್ತಿಕೊಳ್ಳಬಹುದು, ಇಲ್ಲವೇ ಒಂದು ಬಿಲ್ಲೆ ಕೆಳಗಿಟ್ಟು ‘ಕಾಯ್ತೀನಿ’ ಅನ್ನಬಹುದು. ತಲೆಗೆ ಐದೇ ಬಿಲ್ಲೆ. ಮುಗಿದರೆ ಪಕ್ಕದವರನ್ನು ಕಾಡಿ ಬೇಡಿ, ಕೈಯಲ್ಲಿರುವ ನಿಲ್ದಾಣ ಕೊಟ್ಟು ಬಿಲ್ಲೆ ಪಡೆಯಬೇಕು. ಐವತ್ತೊಂಬತ್ತು ಕಾರ್ಡು ನಿಲ್ದಾಣಗಳು. ಉಳಿದ ಒಂದು, ಕೆಟ್ಟು ನಿಂತ ಬಸ್ಸು. ಅದನ್ನೆತ್ತಿದವರು ಕೂಡಿಸಿದ್ದನ್ನೆಲ್ಲ ವಾಪಸು ಕೊಟ್ಟು ಮೊದಲಿನಿಂದ ಶುರುಮಾಡಬೇಕು. ಗುಡ್ಡೆ ಮತ್ತೆ ಕಲೆಸಬೇಕು. ಅಷ್ಟೇ.

ಮೂರು ವರ್ಷ ಈ ಮನೆಯಲ್ಲಿ ಇದೇ ಆಟಕ್ಕೆ ಮೇಜು ಗುದ್ದಿ ಜಗಳವಾಡಿದ್ದರು. ಒಂದೊಂದು ಆಟ ಒಂದೂಕಾಲು ಗಂಟೆ ಎಳೆಯುತ್ತಿತ್ತು. ಅಕ್ಕ ಶಾಲೆಯಲ್ಲಿ ಗಣಿತದ ಟೀಚರು, ಮನೆಯಲ್ಲೂ ಅದೇ ದನಿ. ಅವಳು ಒಂದು ಬಿಲ್ಲೆಗಾಗಿ ಗಂಡನ ಗಲ್ಲ ಹಿಡಿದು ಬೇಡಿದ್ದನ್ನು ಕಿರಿಯವಳು ಕಣ್ಣಾರೆ ಕಂಡಿದ್ದಳು. ಒಂದು ಶನಿವಾರ ಮಧ್ಯಾಹ್ನ ಆಟದ ಕಂಪನಿಯ ಎಡಿಟರು ಇದೇ ಮೇಜಿಗೆ ಬಂದು, ಎರಡು ಆಟ ಆಡಿ, ಎರಡೂ ಗೆದ್ದು, ಮೂರನೆಯದಕ್ಕೆ ಕೂರಲು ಹೋಗಿ ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡಿದ್ದರು. ಅದರ ಫಲವೇ ಈಗ ಮೇಜಿನ ಮೇಲಿದ್ದ ಹೊಳೆಯುವ ಡಬ್ಬಿ. ಅಚ್ಚಿಗೆ ಹೋಗುವ ಮೊದಲಿನ ಮಾದರಿ. ಮುಚ್ಚಳದ ಕೆಳಗೆ ಸಣ್ಣಕ್ಷರದಲ್ಲಿ ಅವಳ ಹೆಸರಿತ್ತು. ಗುರುವಾರ ನಾಲ್ಕು ಗಂಟೆಯೊಳಗೆ ಅವಳು ಸರಿ ಎಂದರೆ ಯಂತ್ರ ತಿರುಗುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಎಂದಿದ್ದರು. ಮುಂದಿನ ವರ್ಷ ಎಂದು ಹೇಳಿಸಿಕೊಂಡ ಆಟಗಳು ಎಲ್ಲಿ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಇನ್ನೊಂದು ಸಲ ಆಡಿ ಎಂದಳು. ಆಡಿದರು. ಹತ್ತೊಂಬತ್ತು ನಿಮಿಷ. ಯಾರೂ ಬಿಲ್ಲೆ ಮುಟ್ಟಲಿಲ್ಲ. ಕಾರ್ಡು ಎತ್ತಿದರು, ಇಟ್ಟರು, ಎತ್ತಿದರು. ಬಸ್ಸು ಕೆಟ್ಟಾಗ ಅಮ್ಮ “ಹೋಯ್ತಾ, ಸರಿ” ಎಂದಳು, ಹಾಲು ಮುಗಿದಿದೆ ಅನ್ನುವವಳ ಹಾಗೆ.

ಕಿರಿಯವಳು ಕಾರ್ಡುಗಳನ್ನು ಎಣಿಸಿದಳು. ಅರವತ್ತಿತ್ತು. ಮೂರು ವರ್ಷ ಆಡಿದ, ತಾನೇ ಮಾಡಿದ ಹಳೆಯ ಕಾರ್ಡುಗಳ ಪಕ್ಕ ಹೊಸದನ್ನಿಟ್ಟು ಒಂದೊಂದು ಪದ ತಾಳೆ ನೋಡಿದಳು. ಬಿಲ್ಲೆ ಇಪ್ಪತ್ತು, ನಿಯಮದ ಹಾಳೆಯಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ. ಎಲ್ಲ ಸರಿಯಾಗಿತ್ತು, ಅದೇ ಸಂಕಟ. ತಪ್ಪು ಸಿಕ್ಕಿದ್ದರೆ ಅಚ್ಚಿನವರನ್ನು ಬಯ್ದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ವಿಮೆ ಆಫೀಸಿನಲ್ಲಿ ಅವಳ ಕೆಲಸವೇ ಅರ್ಜಿ ನಮೂನೆ ಬರೆಯುವುದು. ‘ಹೌದಾದರೆ ಏಳನೇ ಪ್ರಶ್ನೆಗೆ ಹೋಗಿ’ ಎಂಬಂಥ ವಾಕ್ಯಗಳಲ್ಲಿ ಎಲ್ಲಿ ಮನುಷ್ಯ ಎಡವುತ್ತಾನೆ ಎಂದು ಮೂಸಿಯೇ ಹೇಳಬಲ್ಲಳು. ಇಲ್ಲಿ ಮೂಗು ಕೆಲಸ ಮಾಡಲಿಲ್ಲ.

ಭಾವ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದವರು. ಎಲ್ಲಕ್ಕೂ ಅವರಿಗೆ ಹಲ್ಲೇ ಉಪಮೆ. “ನಾದಿನಿಯವರೇ, ಸೆಟ್ಟು ನೋಡೋಕೆ ಮುತ್ತಿನ ಹಾಗಿದೆ. ಆದ್ರೆ ಕಚ್ಚಲ್ಲ.”

“ನೀವು ಸರಿಯಾಗಿ ಆಡ್ತಿಲ್ಲ ಭಾವ.”

“ಆಡೋದರಲ್ಲಿ ಸರಿ ತಪ್ಪು ಏನಮ್ಮ, ಕಾರ್ಡು ಎತ್ತೋದು ತಾನೇ?”

ಅವಳು ನೋಟ್‌ಬುಕ್ ತೆರೆದು ಹಳೆಯ ಪುಟಗಳನ್ನು ತಿರುವಿದಳು. ‘ಮೂರನೇ ಸುತ್ತು, ಎಲ್ಲರೂ ಒಟ್ಟಿಗೇ ಕಾಯುತ್ತಿದ್ದಾರೆ. ಆಟಗಾರರಿಗೆ ಅಪಾಯದ ವಾಸನೆ ಬಡಿಯುತ್ತದೆ. ಹೇಗೋ ಗೊತ್ತಿಲ್ಲ, ಅದ್ಭುತ!’ ಅಂದು ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಈಗ ಆ ಗೆರೆಗಳನ್ನು ನೋಡಿ ಅಳು ಬಂತು.

ಅಮ್ಮನಿಗೆ ಕನಿಕರವಾಯಿತೇನೋ. ಹಳೇದನ್ನೇ ಒಂದು ಸಲ ಆಡೋಣ, ಕೈಗೆ ಅದೇ ಒಗ್ಗಿದೆ ಎಂದಳು. ಬಿಸ್ಕತ್ತಿನ ತಗಡು ಡಬ್ಬಿಯಿಂದ ಹಳೆಯ ಕಾರ್ಡು ಹೊರಬಂತು. ಕಿರಿಯವಳೇ ರಟ್ಟು ಕತ್ತರಿಸಿ, ಅಂಟು ಹಚ್ಚಿ, ಮೂಲೆಗಳನ್ನು ಉಜ್ಜಿ ಮಾಡಿದ್ದು. ಹತ್ತು ನಿಮಿಷ ಕಳೆಯಿತೋ ಇಲ್ಲವೋ, ಕೋಣೆಗೆ ಜೀವ ಬಂತು. ಅಕ್ಕ ಒಂದು ಬಿಲ್ಲೆ ಇಟ್ಟಳು. ಭಾವ ಇಟ್ಟರು. ಅಮ್ಮ ಇಟ್ಟಳು. ಮತ್ತೆ ಅಕ್ಕ. ಬಿಲ್ಲೆ ಮುಗಿದ ಭಾವ ಹೆಂಡತಿಯ ಕಡೆ ತಿರುಗಿ ಮದುವೆಯ ದಿನಗಳಿಂದ ಹಿಡಿದು ತಾವು ಮಾಡಿದ ಉಪಕಾರಗಳನ್ನೆಲ್ಲ ಎತ್ತಾಡತೊಡಗಿದರು.

ಆಟ ಕಟ್ಟಿದವರು ಆಡಬಾರದು, ಬಾಯಿ ಬಿಡಬಾರದು, ಕೂತ ಜಾಗದಿಂದ ಏಳಬಾರದು. ಇದು ಅವಳು ತನಗೆ ಹಾಕಿಕೊಂಡ ಕಟ್ಟಳೆ. ಹಾಗಾಗಿ ಮೂರು ವರ್ಷ ಅವಳು ಸ್ಟೂಲಿನಿಂದ ಮುಖಗಳನ್ನಷ್ಟೇ ನೋಡಿದ್ದಳು. ಇವತ್ತು ತಲೆ ಕೆಟ್ಟಿತ್ತು. ಎದ್ದು ಬಂದು ಅಮ್ಮನ ಕುರ್ಚಿಯ ಹಿಂದೆ ನಿಂತಳು. ಅಲ್ಲಿಂದ ನೋಡಿದರೆ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೂವರ ಕಣ್ಣೂ ಗುಡ್ಡೆಯ ಒಂದೇ ಮೂಲೆಯಲ್ಲಿ ನೆಟ್ಟಿತ್ತು. ಮೇಲಿದ್ದ ಕಾರ್ಡಿನ ಆ ಮೂಲೆ ಉಳಿದವಕ್ಕಿಂತ ಕೂದಲೆಳೆಯಷ್ಟು ಮೊಂಡಾಗಿತ್ತು.

ಕೈ ಚಾಚಿ ಕಾರ್ಡು ಮಗುಚಿದಳು. ಕೆಟ್ಟು ನಿಂತ ಬಸ್ಸು.

ಅದೊಂದು ಕಾರ್ಡನ್ನು ಮೊದಲ ವಾರದಲ್ಲೇ ಅವಳು ನಾಲ್ಕು ಸಲ ತಿದ್ದಿ ಬರೆದು ಹೊಸದಾಗಿ ಮಾಡಿದ್ದಳು. ಕಡೆಯ ಸಲ ಮೂಲೆ ಉಜ್ಜುವ ಕಾಗದ ಸಿಗದೆ ಉಗುರು ಕತ್ತರಿಯಲ್ಲಿ ಕತ್ತರಿಸಿದ್ದು ಈಗ ನೆನಪಾಯಿತು.

“ಎಷ್ಟು ದಿನದಿಂದ ಗೊತ್ತು?” ಎಂದು ಕೇಳಿದಳು. ಅಮ್ಮ ಮೊದಲು ಬಾಯಿ ಬಿಟ್ಟಳು. ನಲವತ್ತು ವರ್ಷ ಬಟ್ಟೆ ಹೊಲಿದ ಕಣ್ಣು, ನೂಲೆಳೆ ಸೊಟ್ಟಗಿದ್ದರೂ ಚುಚ್ಚುತ್ತದೆ. ಎರಡನೇ ಭಾನುವಾರವೇ ಕಂಡಿತ್ತಂತೆ. ಹೇಳಿದರೆ ಮಗಳು ನೊಂದುಕೊಳ್ಳುತ್ತಾಳೆ, ಉಳಿದವರಿಗಂತೂ ಕಾಣುವುದಿಲ್ಲ ಎಂದು ಸುಮ್ಮನಿದ್ದಳಂತೆ.

“ಉಳಿದವರಿಗೆ ಕಾಣಲ್ವಾ?” ಭಾವ ಹುಬ್ಬೇರಿಸಿದರು. “ಅತ್ತೆ, ನಾನು ನಿಮಗೆ ಕಾಣಲ್ಲ ಅಂದ್ಕೊಂಡಿದ್ದೆ. ವಯಸ್ಸಾಯ್ತಲ್ಲ ಅಂತ ಪಾಪ ಅನ್ನಿಸ್ತಿತ್ತು.”

ಅಕ್ಕ ಕಿವಿಯವರೆಗೆ ಕೆಂಪಾಗಿದ್ದಳು. ಪರೀಕ್ಷೆಯಲ್ಲಿ ಚೀಟಿ ಹಿಡಿದು ಮಕ್ಕಳನ್ನು ಹೊರಗೆ ನಿಲ್ಲಿಸುವ ಟೀಚರು. “ನಾನು ನೋಡಿದ್ದು ಒಂದೆರಡು ಸಲ ಅಷ್ಟೇ,” ಎಂದಳು. ಯಾರೂ ನಂಬಲಿಲ್ಲ.

“ಮೂರು ವರ್ಷ ಮೂವರೂ ಸೇರಿ ನನ್ನ ಕಿವಿಗೆ ಹೂ ಇಟ್ರಿ.”

“ಸೇರಿ ಎಲ್ಲೇ ಇಟ್ವಿ?” ಅಕ್ಕ ಸಿಡುಕಿದಳು. “ಒಬ್ಬೊಬ್ಬರೇ ಇಟ್ಟಿದ್ದು.”

ಆ ಮಾತಿಗೆ ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದಳು.

ಸೋಮವಾರ ಎಡಿಟರಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡಳು. ಆ ಕಡೆ ಅವರು ಗಂಟಲು ಸರಿಮಾಡಿಕೊಂಡರು.

“ಆ ಮೊಂಡು ಮೂಲೆಯಾ? ನಾನೊಬ್ಬನೇ ನೋಡಿದ್ದು ಅಂದ್ಕೊಂಡಿದ್ದೆ.”

ಫೋನನ್ನು ಗೋಡೆಗೆ ಎಸೆಯದೆ ಇದ್ದದ್ದು ಅವಳ ದೊಡ್ಡತನ. ಹಾಗಾದರೆ ಒಂದು ಕಾರ್ಡಿಗೆ ಗುರುತು ಹಾಕೋಣ, ನಿಯಮದಲ್ಲೇ ಬರೆಯೋಣ ಎಂದು ಅವರೇ ಸೂಚಿಸಿದರು. ಹೊಸ ಕಾರ್ಡುಗಳ ಬೆನ್ನ ಮೇಲೆ ಒಂದು ಬಸ್ಸಿನ ಚಿತ್ರ, ಆರು ಕಿಟಕಿ, ಆರರಲ್ಲೂ ಹಳದಿ ಬೆಳಕು. ಕೆಟ್ಟ ಬಸ್ಸಿನ ಕಾರ್ಡಿನಲ್ಲಿ ಕೊನೆಯ ಕಿಟಕಿಯನ್ನು ಅವಳು ಕಪ್ಪು ಪೆನ್ನಿನಿಂದ ತುಂಬಿದಳು. ‘ಕಿಟಕಿ ಕತ್ತಲಾಗಿರುವ ಕಾರ್ಡು ಅಪಾಯದ್ದು’ ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿದಳು. ಚೊಕ್ಕ ವಾಕ್ಯ, ಯಾರೂ ಎಡವುವಂತಿಲ್ಲ.

ಮಂಗಳವಾರ ಸಂಜೆ ಮನೆಯವರು ಆಡಿದರು. ಕತ್ತಲ ಕಿಟಕಿ ಮೇಲೆ ಬಂತು. “ಬಂತು ನೋಡಿ,” ಎಂದಳು ಅಕ್ಕ. “ಬಂತು,” ಎಂದರು ಭಾವ. ಬಿಲ್ಲೆ ಇಟ್ಟರು, ಲೆಕ್ಕ ಹಾಕಿದರು, ಯಾರಿಗೆ ಬೀಳುತ್ತದೆ ಎಂದು ಮೊದಲೇ ಗೊತ್ತಾಗಿ ಅವರಿಗೇ ಬಿತ್ತು. ಇಪ್ಪತ್ತಾರು ನಿಮಿಷ. ಅಮ್ಮ ಕಾರ್ಡು ಜೋಡಿಸುತ್ತ, ಹೇಳಿಬಿಟ್ಟರೆ ಅದರಲ್ಲಿ ಏನಿದೆ ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಆಮೇಲೆ ಹಳೆಯ ತಗಡು ಡಬ್ಬಿಯನ್ನು ತೆಗೆದು ಬೀರುವಿನ ಮೇಲಿಟ್ಟಳು. ಇನ್ನು ಆ ಮೇಜಿನ ಮೇಲೆ ಅದು ತೆರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕಿರಿಯವಳಿಗೆ ಭಾನುವಾರಗಳನ್ನೇ ಎತ್ತಿಟ್ಟ ಹಾಗೆ ಕಂಡಿತು.

ಹಾಗಾದರೆ ಗುರುತು ಇರಬೇಕು, ಆದರೆ ಹೇಳಬಾರದು. ತಮಗೊಬ್ಬರಿಗೇ ಗೊತ್ತು ಎಂಬ ಆ ಸಣ್ಣ ಕಳ್ಳತನವೇ ಆಟ, ಉಳಿದದ್ದೆಲ್ಲ ರಟ್ಟು. ಬುಧವಾರ ಇದನ್ನು ಎಡಿಟರಿಗೆ ಹೇಳಿದಾಗ ಅವರು ನಿಟ್ಟುಸಿರಿಟ್ಟರು. ಕೊಂಡವರು ಡಬ್ಬಿ ವಾಪಸು ತರುತ್ತಾರೆ, ಅಚ್ಚು ಕೆಟ್ಟಿದೆ ಎಂದು ಪತ್ರ ಬರೆಯುತ್ತಾರೆ, ಮಾಡಿದವಳಿಗೆ ಶ್ರದ್ಧೆಯಿಲ್ಲ ಎಂದು ಊರೆಲ್ಲ ಹೇಳುತ್ತಾರೆ ಎಂದರು. ಮುಚ್ಚಳದ ಮೇಲೆ ಹೆಸರಿರುವುದು ನಿಮ್ಮದು ಎಂದೂ ನೆನಪಿಸಿದರು. ಮೇಲಾಗಿ ಅದು ಹೊಸಬರ ಮೇಲೆ ನಡೆಯುತ್ತದೆ ಎಂದು ಯಾರಿಗೆ ಗೊತ್ತು?

ಗುರುವಾರ ಅವಳು ಡಬ್ಬಿಯನ್ನು ಆಫೀಸಿಗೆ ಒಯ್ದಳು, ಆ ಒಂದು ಸಾಲನ್ನು ನಿಯಮದಿಂದ ತೆಗೆದು. ಊಟದ ಕೋಣೆಯಲ್ಲಿ ಮೂವರು ಸಿಕ್ಕರು: ರಿಸೆಪ್ಷನ್ನಿನ ಹುಡುಗಿ, ಸ್ಟೋರಿನವರು ಮತ್ತು, ಬೇಡ ಬೇಡವೆಂದರೂ, ಅವಳ ಮೇಲಧಿಕಾರಿ. ಅವರಿಗೆ ಆಫೀಸಿಟ್ಟ ಹೆಸರು ಚುಕ್ಕಿ ಸಾಹೇಬರು. ಒಂದು ಪೂರ್ಣವಿರಾಮ ಬಿಟ್ಟುಹೋಗಿದ್ದರೆ ನಲವತ್ತು ಪುಟದ ನಮೂನೆಯನ್ನು ವಾಪಸು ಕಳಿಸುವವರು. ತಪ್ಪು ಕಂಡರೆ ಹೇಳದೆ ಇರಲಾರದ ಜೀವ. ಕಿರಿಯವಳು ಒಳಗೊಳಗೇ ತಲೆ ಚಚ್ಚಿಕೊಂಡಳು. ಇವರ ಕಣ್ಣಿಗೆ ಕಿಟಕಿ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಮೊದಲರ್ಧ ಸಪ್ಪೆ. ಸ್ಟೋರಿನವರು ಕಾರ್ಡು ಎತ್ತುತ್ತಲೇ ಊಟ ಮಾಡುತ್ತಿದ್ದರು. ಬಸ್ಸು ಅವರಿಗೇ ಸಿಕ್ಕಿತು. ಪರವಾಗಿಲ್ಲ ಬಿಡಿ ಎಂದರು. ಗುಡ್ಡೆಗೆ ಮರಳಿಸುವಾಗ ಮಾತ್ರ ಕಾರ್ಡಿನ ಬೆನ್ನನ್ನು ಒಂದು ಗಳಿಗೆ ಹೆಚ್ಚೇ ನೋಡಿದ ಹಾಗಾಯಿತು. ಆಮೇಲೆ ಊಟದ ಡಬ್ಬಿ ಮುಚ್ಚಿಟ್ಟರು.

ಒಂದೂವರೆಗೆ ಕತ್ತಲ ಕಿಟಕಿ ಮತ್ತೆ ಮೇಲೆ ಬಂತು. ರಿಸೆಪ್ಷನ್ನಿನ ಹುಡುಗಿ ಕೈ ಚಾಚಿದವಳು ಅರ್ಧಕ್ಕೆ ನಿಂತಳು, ಕೂದಲು ಸರಿಮಾಡಿಕೊಂಡಳು, ಒಂದು ಬಿಲ್ಲೆ ಇಟ್ಟಳು. ಸ್ಟೋರಿನವರು ಛಾವಣಿ ನೋಡುತ್ತ ಇನ್ನೊಂದು ಇಟ್ಟರು. ಈಗ ಸಾಹೇಬರ ಸರದಿ. ಅವರು ಕಾರ್ಡಿನ ಮೇಲೆ ಬಗ್ಗಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿದರು. ತುಟಿ ತೆರೆದರು. ಕಿರಿಯವಳು ನೋಟ್‌ಬುಕ್ಕಿನ ಪುಟ ಮುಚ್ಚತೊಡಗಿದಳು.

ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕನ್ನಡಕ ಮೇಲೇರಿಸಿದರು.

“ಕಾಯ್ತೀನಿ,” ಎಂದರು.

ಎರಡು ಗಂಟೆಯ ಗಂಟೆ ಹೊಡೆದು ಹತ್ತು ನಿಮಿಷವಾದರೂ ಯಾರೂ ಏಳಲಿಲ್ಲ. ಸಾಹೇಬರು ಒಂದು ಬಿಲ್ಲೆಗಾಗಿ ಸ್ಟೋರಿನವರಿಗೆ ಎರಡು ನಿಲ್ದಾಣ ಕೊಟ್ಟು, ಕೊನೆಗೆ ಗೆದ್ದೇ ಎದ್ದರು. ಹೋಗುವಾಗ ನಿಯಮದ ಹಾಳೆಯನ್ನು ಅವಳ ಕೈಗಿತ್ತರು. ಪೆನ್ಸಿಲಿನಲ್ಲಿ ಮೂರು ಕಡೆ ತಿದ್ದಿದ್ದರು.

“ಆಟ ಪರವಾಗಿಲ್ಲ. ಸ್ವಲ್ಪ ಅದೃಷ್ಟದ ಮೇಲೇ ಜಾಸ್ತಿ ನಿಂತಿದೆ. ನನಗೆ ಆ ಬಸ್ಸು ಯಾವಾಗ ಬರುತ್ತೆ ಅಂತ ಒಂದು ಅಂದಾಜು ಸಿಕ್ಕಿಬಿಡ್ತು. ಅನುಭವ ನೋಡಿ.”

“ಹೌದು ಸರ್,” ಎಂದಳು, ಹಲ್ಲು ಕಚ್ಚಿ.

ಮೂರೂಮುಕ್ಕಾಲಿಗೆ ಎಡಿಟರಿಗೆ ಫೋನು ಮಾಡಿದಳು. ಕಿಟಕಿ ಕತ್ತಲಾಗೇ ಇರಲಿ, ನಿಯಮದಲ್ಲಿ ಒಂದು ಮಾತೂ ಬೇಡ ಎಂದಳು.

“ದೂರು ಬಂದ್ರೆ ನಿಮಗೇ ಕಳಿಸ್ತೀನಿ. ಏನಂತ ಉತ್ತರ ಕೊಡ್ತೀರಿ?”

“ಅಚ್ಚಿನ ತಪ್ಪು, ಕ್ಷಮಿಸಿ ಅಂತ.”

“ಎಲ್ಲರಿಗೂ?”

“ಎಲ್ಲರಿಗೂ.”

ಫೋನಿಟ್ಟ ಮೇಲೆ ಸಂತೋಷವಾಗಬೇಕಿತ್ತು. ಮೂರು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ಇನ್ನು ಜೀವನಪೂರ್ತಿ ಕ್ಷಮೆ ಕೇಳುತ್ತಿರಬೇಕು. ಅದನ್ನೂ ಉಗುರು ಕತ್ತರಿ ಮಾಡಿಕೊಟ್ಟದ್ದು. ಕೆಲಸ ಬಾಕಿಯಿತ್ತು. ಅದರ ಬದಲು ಹೊಸ ಹಾಳೆ ತೆಗೆದು ಉತ್ತರದ ನಮೂನೆ ಬರೆಯತೊಡಗಿದಳು. ‘ಮಾನ್ಯರೇ, ನಿಮ್ಮ ಡಬ್ಬಿಯ ಒಂದು ಕಾರ್ಡಿನಲ್ಲಿ ಕಂಡುಬಂದ ದೋಷಕ್ಕಾಗಿ ವಿಷಾದಿಸುತ್ತೇವೆ. ಬದಲಿ ಕಾರ್ಡು ಬೇಕಾದರೆ ಕಳಿಸಲಾಗುವುದು. ಆದರೆ ದಯವಿಟ್ಟು, ಈ ವಿಷಯವನ್ನು ಜೊತೆಯಲ್ಲಿ ಆಡುವವರಿಗೆ’

ಅಲ್ಲಿ ಪೆನ್ನು ನಿಂತಿತು. ಕೊನೆಯ ಸಾಲು ಹೊಡೆದುಹಾಕಿದಳು. ಮತ್ತೆ ಬರೆದಳು. ಮತ್ತೆ ಹೊಡೆದುಹಾಕಿದಳು.