ಮುಚ್ಚಿದ ಬೆನ್ನು

ಬೀದಿಗೆಲ್ಲ ಅವಳು ಭೂತಗನ್ನಡಿ. ಅಂಗಡಿ ತೆರೆದ ಗಳಿಗೆಯಿಂದ ಮಸೂರ ಕಣ್ಣಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ಬಂದ ಹೆಸರು. ವಾಚು ರಿಪೇರಿ ಕಲಿಸಿದವನು ಅಪ್ಪ. ಅದೇ ಮೇಜಿನ ಆಚೆ ಬದಿಗೆ ಕೂತು ಕಲಿತವನು ಅಕ್ಕನ ಗಂಡ. ಅಪ್ಪನದು ಒಂದೇ ಕಟ್ಟಪ್ಪಣೆ: ಒಬ್ಬರು ರಿಪೇರಿ ಮಾಡಿ ಮುಚ್ಚಿದ ವಾಚಿನ ಬೆನ್ನನ್ನು, ಅದು ನಿಲ್ಲುವ ತನಕ ಇನ್ನೊಬ್ಬರು ತೆರೆಯಬಾರದು. ತೆರೆದರೆ ಅವರ ಕೈಯನ್ನೇ ಅನುಮಾನಿಸಿದಂತೆ.

ಅಪ್ಪ ಬಿಟ್ಟುಹೋದ ಪೆಟ್ಟಿಗೆ ತುಂಬ ವಾಚುಗಳಲ್ಲಿ ಅವಳ ಜೀವವೆಲ್ಲ ಒಂದು ಕ್ಯಾಲ್ಕುಲೇಟರ್ ವಾಚಿನ ಮೇಲೆ. ಆ ಜಾತಿಯ ವಾಚು ಹೊಸದಾಗಿ ಬಂದ ಕಾಲದ್ದು. ಕೈ ಜಗ್ಗುವಷ್ಟು ಭಾರ, ಕೆಂಪು ಅಂಕಿ, ಪೆನ್ನಿನ ತುದಿಯಿಂದಲೇ ಒತ್ತಬೇಕಾದ ಸಾಸಿವೆ ಗಾತ್ರದ ಗುಂಡಿಗಳು. ಬ್ಯಾಟರಿ ಎಷ್ಟು ಹಾಕಿದರೂ ಸಾಲದು. ಮುಂದೆ ಬೂದು ಪರದೆಯ ಅಗ್ಗದ ವಾಚುಗಳು ಬಂದು ಶಾಲೆ ಮಕ್ಕಳ ಕೈಗೂ ಸಿಕ್ಕ ಮೇಲೆ ಇದನ್ನು ಕೇಳುವವರೇ ಇಲ್ಲವಾದರು. ಬ್ಯಾಟರಿಯನ್ನು ಒಳಗೆ ಹಿಡಿದಿಡುವ ಮುರಿದ ಹಿಡಿಗೆ ಹಿತ್ತಾಳೆ ಚೂರು ಬೆಸೆದು ಅಪ್ಪ ಇದನ್ನು ಉಳಿಸಿಕೊಂಡಿದ್ದ. ಭಾಗಾಕಾರ ಕೊಟ್ಟರೆ ಅಂಕಿಗಳು ಒಂದಿಷ್ಟು ಹೊತ್ತು ನಡುಗಿ ಆಮೇಲೆ ಉತ್ತರ ಕೊಡುತ್ತಿದ್ದವು.

"ತಡಿ, ಯೋಚನೆ ಮಾಡ್ತಿದೆ," ಅನ್ನುತ್ತಿದ್ದ ಅಪ್ಪ.

ಅಪ್ಪ ಹೋದ ಮೇಲೆ, ಹತ್ತು ವರ್ಷದ ಹಿಂದೆ, ಅದು ನಿಂತಿತು. ಭಾವ ಒಯ್ದು ವಾರದಲ್ಲೇ ಸರಿಮಾಡಿ ತಂದುಕೊಟ್ಟ. ಆಮೇಲೆ ಬ್ಯಾಟರಿ ಬದಲಿಸುತ್ತಿದ್ದವನೂ ಅವನೇ. ಅಂಕಿ ಅದೇ ಕೆಂಪು, ಭಾಗಾಕಾರಕ್ಕೆ ಮಾತ್ರ ಈಗ ಗುಂಡಿ ಒತ್ತುವುದರೊಳಗೆ ಉತ್ತರ. ಭಾವನ ಕೈಚಳಕ ಅಂದರೆ ಇದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದಳು, ಹುಚ್ಚಿ.

ಮೊನ್ನೆ ವಸ್ತುಸಂಗ್ರಹಾಲಯದವರು ಕ್ಯಾಲ್ಕುಲೇಟರ್ ವಾಚುಗಳ ಪ್ರದರ್ಶನಕ್ಕೆ ಅದನ್ನು ಕೇಳಿದರು. ಉಳಿಸಿದವರು ಎಂದು ಅಪ್ಪನ ಹೆಸರು ಹಾಕಲು ಒಪ್ಪಿದರು. ಅವಳಿಗೆ ಬೇಕಿದ್ದದ್ದೂ ಅಷ್ಟೇ. ಅಲ್ಲಿನ ಮೇಲ್ವಿಚಾರಕಿ ಬೆನ್ನು ತೆರೆದಳು. ಮುಚ್ಚಳದ ಒಳಮೈಯಲ್ಲಿ ಅಪ್ಪ ಸೂಜಿಯಿಂದ ಗೀಚಿದ್ದ ತಾರೀಕುಗಳು ಹಾಗೇ ಇದ್ದವು.

"ಕವಚ ಹಳೇದೇ. ಒಳಗಿನ ಯಂತ್ರ ಈಚಿಂದು ಕಣ್ರೀ," ಅಂದಳು ಮೇಲ್ವಿಚಾರಕಿ. "ಹಳೇ ಯಂತ್ರ ಇರೋ ವಾಚು ಒಂದು ಹೋದ ತಿಂಗಳೇ ಬಂದಿದೆ. ನೋಡ್ತೀರಾ?"

ಅದರ ಕವಚ ಬೇರೆ. ಮೇಲ್ವಿಚಾರಕಿ ತೆರೆದು ತೋರಿಸಿದರೆ, ಒಳಗೆ ಬ್ಯಾಟರಿ ಹಿಡಿಗೆ ಬೆಸೆದ ಹಿತ್ತಾಳೆಯ ಚೂರು. ಅವಳೇ ಪೆನ್ನಿನ ತುದಿಯಿಂದ ಇಪ್ಪತ್ತೆರಡನ್ನು ಏಳರಿಂದ ಭಾಗಿಸಿದಳು. ಅಂಕಿಗಳು ನಡುಗಿದವು. ಪಕ್ಕದ ಚೀಟಿಯಲ್ಲಿ ಉಳಿಸಿದವರು ಎಂದು ಭಾವನ ಹೆಸರಿತ್ತು.

ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದಳು. ಭಾವ ಮುಚ್ಚುಮರೆ ಮಾಡಲಿಲ್ಲ.

"ನಿಮ್ಮಪ್ಪನ ಹತ್ರ ನಾನೂ ಇಪ್ಪತ್ತು ವರ್ಷ ದುಡಿದೆ ಕಣಮ್ಮ. ನನ್ನ ಹೆಸರೂ ಒಂದು ಕಡೆ ಇರ್ಲಿ ಅನ್ನಿಸ್ತು. ಅವರು ಗೀಚಿದ ಮುಚ್ಚಳ ನಿನಗೇ ಬಿಟ್ಟಿದ್ದೀನಲ್ಲ."

"ಕೇಳಿದ್ರೆ ಎರಡು ಹೆಸರೂ ಹಾಕಿಸ್ತಿದ್ದೆ, ಭಾವ," ಅಂದಳು. "ಹತ್ತು ವರ್ಷದಲ್ಲಿ ಒಂದಿನ ನಾನು ತೆರೆದು ನೋಡಿದ್ರೆ ಏನು ಮಾಡ್ತಿದ್ರಿ?"

"ನೀನು ತೆರೆಯಲ್ಲ ಅಂತ ಗೊತ್ತಿತ್ತು."

ಕದ್ದದ್ದಕ್ಕಿಂತ ಆ ಮಾತೇ ಅವಳನ್ನು ಸುಟ್ಟಿತು. ಅಂಗಡಿಗೆ ಬಂದವಳು ಅಪ್ಪನ ಪೆಟ್ಟಿಗೆಯಿಂದ ಭಾವ ರಿಪೇರಿ ಮಾಡಿ ಮುಚ್ಚಿಕೊಟ್ಟಿದ್ದ ವಾಚುಗಳನ್ನೆಲ್ಲ ಎತ್ತಿ ಮೇಜಿನ ಬಟ್ಟೆಯ ಮೇಲೆ ಸಾಲಾಗಿ ಮಗುಚಿಟ್ಟಳು. ಒಂದೂ ನಿಂತಿರಲಿಲ್ಲ, ಎಲ್ಲವೂ ನಡೆಯುತ್ತಿದ್ದವು. ಮಸೂರ ಕಣ್ಣಿಗೆ ಏರಿಸಿ, ಮೊದಲನೆಯದರ ಬೆನ್ನು ತೆರೆದಳು.