ಆಚೆ ದಡದ ಓ

ಅಣ್ಣ ನಾಗರಾಜಪ್ಪ ತೀರಿಕೊಂಡ ಸುದ್ದಿ ಕೆರಿಯಮ್ಮನವರಿಗೆ ತಿಳಿದದ್ದು ಹಡಗಿನ ಊಟದ ಹಜಾರದಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ. ಫೋನು ಹಿಡಿದು ಎದ್ದು ಹೋಗಿದ್ದ ಮಗ ದಿನೇಶ್ ತಿರುಗಿ ಬಂದವನು ಕುರ್ಚಿಯಲ್ಲಿ ಕೂರಲಿಲ್ಲ.

"ಅಮ್ಮ, ಬ್ಯಾಕೋಡಿನ ಮಾವ ಹೋಗ್ಬಿಟ್ರಂತೆ. ನಿನ್ನೆ ಸಂಜೆ. ಸುಮನಾ ಫೋನ್ ಮಾಡಿದ್ಲು."

ಕೆರಿಯಮ್ಮ ಕೈಯಲ್ಲಿದ್ದ ಕಲ್ಲಂಗಡಿ ಹೋಳನ್ನು ತಟ್ಟೆಗೆ ಇಟ್ಟರು. "ಮಣ್ಣಾಯ್ತಾ?"

"ಬೆಳಿಗ್ಗೆನೇ ಆಯ್ತಂತೆ."

ಅವರು ಎದ್ದರು. ಕೋಣೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡರು. ಹಡಗಿನವರು ಟವಲನ್ನು ಹಂಸದ ಹಾಗೆ ಮಡಿಸಿ ಮಂಚದ ಮೇಲೆ ಇಟ್ಟಿದ್ದರು. ಅದನ್ನು ಬಿಚ್ಚಲು ಮನಸ್ಸಾಗದೆ, ಒಣಸೀರೆ ಉಟ್ಟು ಅದರ ಸೆರಗಿನಿಂದಲೇ ತಲೆ ಒರೆಸಿಕೊಂಡರು.

ದಿನೇಶನಿಗೆ ರಿಪ್ಪನ್‌ಪೇಟೆಯಲ್ಲಿ ಸಿಮೆಂಟಿನ ಅಂಗಡಿ. ಹೆಚ್ಚು ಮಾಲು ಮಾರಿದವರನ್ನು ಕಂಪನಿಯವರು ಮೆಡಿಟರೇನಿಯನ್ ಸಮುದ್ರದ ಪ್ರವಾಸಕ್ಕೆ ಕಳಿಸಿದ್ದರು. ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದಿತ್ತು. ಹೆಂಡತಿ ಸುಮನಾ ಶಾಲೆಯ ಟೀಚರು. ಜೂನಿನಲ್ಲಿ ರಜೆ ಸಿಗಲಿಲ್ಲ. "ಅತ್ತೇರನ್ನ ಕರ್ಕಂಡು ಹೋಗಿ. ಹಿನ್ನೀರು ದಾಟೋ ಲಾಂಚಿನಾಗೆ ಓಡಾಡಿ ಬೆಳೆದೋರು, ವಾಂತಿ ಗೀಂತಿ ಮಾಡಲ್ಲ," ಎಂದು ಅವಳೇ ನಕ್ಕು ಕಳಿಸಿದ್ದಳು.

ಹಡಗು ಕೆರಿಯಮ್ಮನವರಿಗೆ ಹಿಡಿಸಿತ್ತು. ಗಾಜಿನ ಮೆಟ್ಟಿಲು, ಹಿತ್ತಾಳೆಯ ಕಂಬಿ, ಸಂಜೆ ಪಿಯಾನೊ ನುಡಿಸುವ ಬಿಳಿ ಕೂದಲಿನ ಹೆಂಗಸು, ಎಲ್ಲವನ್ನೂ ನಿಧಾನವಾಗಿ ನೋಡಿದ್ದರು. ಎರಡು ದಿನದ ಹಿಂದೆ ತೀರ್ಥಹಳ್ಳಿಯ ವ್ಯಾಪಾರಿ ರವೀಂದ್ರ ಚೇಷ್ಟೆಗೆ, "ಕೆರಿಯಮ್ನೋರೆ, ನಿಮ್ಮ ತುಮರಿ ಲಾಂಚಿಗೂ ಇದಕ್ಕೂ ಎಂತ ವ್ಯತ್ಯಾಸ?" ಎಂದು ಕೇಳಿದ್ದ.

"ಅದರಾಗೆ ಬಸ್ಸೂ ಹತ್ತುತಿತ್ತು ಮಾರಾಯ. ಇದರಾಗೆ ಬರೀ ಮನ್ಸರು," ಎಂದಿದ್ದರು. ಮೇಜಿನವರೆಲ್ಲ ನಕ್ಕಿದ್ದರು. ಅಣ್ಣನಿಗೆ ಹೇಳಬೇಕು ಎಂದು ಆ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು.

ಅಣೆಕಟ್ಟಿನ ಹಿನ್ನೀರಿನ ಆಚೆಯ ಅವರ ತವರು ಬ್ಯಾಕೋಡಿನಲ್ಲಿ ಒಂದು ಕ್ರಮವಿತ್ತು. ಸಾವಿನ ಸುದ್ದಿ ಕೇಳಿ ಓಡಿಬಂದ ಹೆಣ್ಣುಮಗಳಿಗೆ ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮುಖ ನೋಡುವ ಯೋಗವಿಲ್ಲ. ಆಗ ಅವಳು ಈಚೆ ದಡದಲ್ಲಿ ನೀರಿಗಿಳಿದು ಸತ್ತವರನ್ನು ಮೂರು ಸಲ ಕರೆಯಬೇಕು. ಯಾರಾದರೂ 'ಓ' ಎಂದರೆ ಸತ್ತವರಿಗೆ ಕೇಳಿಸಿತು ಎಂದೇ ನಂಬಿಕೆ. ಆಮೇಲೆ ಬೊಗಸೆ ನೀರು ಬಿಡುವುದು. ಓಗೊಡುವವರು ಮನೆಯವರಾಗಬಾರದು, ಹೇಳಿ ಕರೆಸಿದವರೂ ಆಗಬಾರದು. ಆಚೆ ದಡದಲ್ಲಿ ದನ ಹೊಡೆದುಕೊಂಡು ಹೋಗುವವರೋ ಬಲೆ ಬೀಸುವವರೋ, ಯಾರೋ ಒಬ್ಬರು ಓ ಅನ್ನುತ್ತಿದ್ದರು. ಓ ಬಾರದಿದ್ದರೆ ಸತ್ತವರು ದಡ ಬಿಟ್ಟು ಕದಲದೆ ಕಾಯುತ್ತಾರಂತೆ. ತಾಯಿ ಹೋದಾಗ ಕೆರಿಯಮ್ಮ ಹಾಗೆಯೇ ಕೂಗಿದ್ದರು, ಯಾರೋ ಪುಣ್ಯಾತ್ಮರು ಓಗೊಟ್ಟಿದ್ದರು. ಈಗ ಸೇತುವೆಯಾಗಿದೆ, ಯಾವ ಹೊತ್ತಿನಲ್ಲೂ ಕಾರು ದಾಟುತ್ತದೆ. ಕೂಗುವ ಕ್ರಮವನ್ನು ಊರೇ ಮರೆತಿದೆ.

"ಕಾರ್ಯದ ಹೊತ್ತಿಗೆ ಊರಲ್ಲೇ ಇರ್ತೀವಲ್ಲಮ್ಮ," ಎಂದ ದಿನೇಶ್.

"ಅಲ್ಲೀವರೆಗೆ ಅಣ್ಣ ಕಾಯ್ತಾ ಕೂರ್ಬೇಕಾ? ನಾನು ನೀರು ಮುಟ್ಟಬೇಕು."

ಸುತ್ತಲೂ ನೀರೇ. ಆದರೆ ಕೈಗೆ ಸಿಗುವಂತಿಲ್ಲ. ಕಂಬಿಯ ಬಳಿ ನಿಂತು ಬಗ್ಗಿ ನೋಡಿದರೆ ಸಮುದ್ರ ಬಾವಿಯ ತಳದಷ್ಟು ಕೆಳಗಿತ್ತು. ದಿನೇಶ್ ಅವರನ್ನು ಮೇಲಂತಸ್ತಿನ ಈಜುಕೊಳದ ಬಳಿ ಕರೆದೊಯ್ದ.

"ಇದು ಎಂತ ನೀರಾ?"

"ಸಮುದ್ರದ್ದೇ ಅಂತೆ."

"ಹೋಗಿ ಎಲ್ಲಿ ಸೇರ್ತದೆ?"

"ಎಲ್ಲೂ ಇಲ್ಲ. ಸೋಸಿ ಸೋಸಿ ಇದರಾಗೇ ಬಿಡ್ತಾರೆ."

"ಹಂಗಾರೆ ಬ್ಯಾಡ."

ಮರುದಿನ ಹಡಗು ಪಲೆರ್ಮೊ ಎಂಬ ಬಂದರಿನಲ್ಲಿ ನಿಂತಿತು. ಉಳಿದವರೆಲ್ಲ ಇಗರ್ಜಿ, ಅರಮನೆ ನೋಡಲು ಬಸ್ಸು ಹತ್ತಿದರು. ತಾಯಿ ಮಗ ಟ್ಯಾಕ್ಸಿ ಹಿಡಿದು ಕಡಲ ತೀರಕ್ಕೆ ಹೋದರು. ಅಲ್ಲಿ ಬಣ್ಣದ ಛತ್ರಿಗಳ ಸಾಲು. ಅವುಗಳ ಅಡಿಯಲ್ಲಿ ಚೂರುಪಾರು ಬಟ್ಟೆಯ ಜನ.

"ಅಮ್ಮ, ಇಲ್ಲಿ ಯಾರು ಓ ಅಂತಾರೆ? ಆಚೆ ದಡನೇ ಕಾಣಲ್ಲ. ನಾನೇ ಸಣ್ಣಕೆ ಅಂದ್ಬಿಡ್ತೀನಿ."

"ಬಾಯಿ ಮುಚ್ಕಂಡು ನಿಂತ್ಕ. ನೀನು ಅಂದ್ರೆ ನಡೆಯಲ್ಲ."

ಕೆರಿಯಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದರು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು. "ಅಣ್ಣಾ... ನಾಗರಾಜಣ್ಣಾ..."

ಅಲೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎರಡನೆಯ ಸಲ ಕೂಗಿದಾಗ ಛತ್ರಿಯಡಿಯ ಕೆಲವರು ಎದ್ದು ಕುಳಿತರು. ಮೂರನೆಯದಕ್ಕೆ ಕೆರಿಯಮ್ಮನವರ ದನಿ ಒಡೆಯಿತು. ಅದು ಕರೆಯಾಗಿ ಉಳಿಯಲಿಲ್ಲ, ಅಳುವೇ ಆಯಿತು.

"ಓ! ಓ!"

ದೊಡ್ಡ ಗಂಡು ದನಿ. ಕೆರಿಯಮ್ಮ ತಿರುಗಿ ನೋಡಿದರು. ಎತ್ತರದ ಕುರ್ಚಿಯಿಂದ ಹಾರಿ, ಕೆಂಪು ಬನಿಯನ್ನಿನವನೊಬ್ಬ ಕೈಯೆತ್ತಿ ಓಡಿ ಬರುತ್ತಿದ್ದ. ಮುಳುಗುವವರನ್ನು ಎತ್ತುವ ಕಾವಲಿನವನು. ಮುದುಕಿಯ ಕಡೆಯವರು ಯಾರೋ ಮುಳುಗಿದ್ದಾರೆ ಎಂದುಕೊಂಡು ಕೆರಿಯಮ್ಮನವರನ್ನು ದಾಟಿ ಎದೆಮಟ್ಟದ ನೀರಿಗೆ ನುಗ್ಗಿ, ಅತ್ತಿತ್ತ ಹುಡುಕತೊಡಗಿದ.

ದಿನೇಶ್ ಹಿಂದಿನಿಂದ ಓಡಿಬಂದ. "ನಾನಲ್ಲಮ್ಮ, ನಾನು ಬಾಯೇ ಬಿಟ್ಟಿಲ್ಲ!"

"ಗೊತ್ತು."

ದಿನೇಶ್ ತನಗೆ ಬಂದ ಇಂಗ್ಲಿಷಿನಲ್ಲಿ, ನೀರಿನಲ್ಲಿ ಯಾರೂ ಇಲ್ಲ, ಅಮ್ಮನ ಅಣ್ಣ ನಮ್ಮ ದೇಶದಲ್ಲಿ ತೀರಿಕೊಂಡರು ಎಂದು ಹೇಳಿದ. ಬೈಯಬಹುದು ಎಂದು ಹೆದರಿದ್ದ. ಆ ಮನುಷ್ಯ ಏದುಸಿರು ಬಿಡುತ್ತ ಕೆರಿಯಮ್ಮನವರ ಮುಖ ನೋಡಿದ. ತಲೆಯ ಮೇಲಿನ ಟೊಪ್ಪಿ ತೆಗೆದು, ಎದೆಗೆ ಹಿಡಿದು, ನೀರಿನಲ್ಲೇ ನಿಂತ.

ಕೆರಿಯಮ್ಮ ಬೊಗಸೆ ತುಂಬಿ ನೀರು ಬಿಟ್ಟರು. ಊರು ಯಾವ ದಿಕ್ಕಿಗಿದೆ ಎಂದು ತಿಳಿಯದೆ, ಸೂರ್ಯನ ಕಡೆಗೆ ತಿರುಗಿ ಹಿನ್ನೀರಿನ ದಡದ ದೇವಿಗೆ ಕೈ ಮುಗಿದರು.

"ಸಿಗಂದೂರಮ್ಮಾ, ಅಣ್ಣ ದಡದಾಗೆ ಕಾಯೋದು ಬ್ಯಾಡ. ಓ ಬಂತು, ಅವನಿಗೂ ಕೇಳಿಸ್ತು. ಕೈ ಹಿಡಿದು ದಾಟ್ಸು ತಾಯಿ. ನಿನ್ನ ಕಾಲಡಿ ತಂಪಾಗಿ ಮಲಗ್ಸು."